ಬತ್ತಿ ಕೋವಿ ನೋಡಿ ನಗೋ ಮುಂಚೆ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ನಮ್ಮ ರೂಮಿನ ನಾಲ್ವರದ್ದು ನಾಲ್ಕು ತಾಲ್ಲೂಕು, ಜಿಲ್ಲೆ ಮಾತ್ರ ಒಂದೇ, ಹಾವೇರಿ. ಮೊನ್ನೆ ಊಟ ಆದ್ಮೇಲೆ ಸವಣೂರಿನ ನವಾಬರ ಕಥೆ ಬಂತು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯ ಸವಣೂರಿಗೆ ಮುತ್ತಿಗೆ ಹಾಕಿದ, 1786ರಲ್ಲಿ ಟಿಪ್ಪು ಅದನ್ನು ಹಿಡಿದ. ಆ ಕಾಲದ ಕೋವಿ ಹೇಗಿತ್ತು ಅಂತ ಓದ್ತಾ ಕೂತ್ವಿ. ಯುರೋಪಿನಲ್ಲಿ ಚಕಮಕಿ ಕಲ್ಲಿನ ಕೋವಿ ಬಂದು ನೂರು ವರ್ಷ ದಾಟಿದ್ರೂ ನಮ್ಮ ದೇಶದಲ್ಲಿ ಬತ್ತಿ ಕೋವಿ ಇನ್ನೂ ಬಳಕೆಯಲ್ಲಿತ್ತು. "ಹಗ್ಗಕ್ಕೆ ಬೆಂಕಿ ಹಚ್ಕೊಂಡು ಯುದ್ಧಕ್ಕೆ ಹೋಗ್ತಿದ್ರಾ?" ಅಂತ ನಾಲ್ಕೂ ಜನ ನಕ್ಕೆವು. ಹಾಗೆ ನಕ್ಕಿದ್ದು ತಪ್ಪು ಅನ್ನೋದು ಈಗಿನ ನಮ್ಮ ಅಭಿಪ್ರಾಯ.

ಅದು ಕೆಲಸ ಮಾಡೋದು ಹೀಗೆ. ಪೆಟ್ಲುಪ್ಪಿನ ನೀರಲ್ಲಿ ನೆನೆಸಿ ಒಣಗಿಸಿದ ಹುರಿ ಧಗಧಗ ಉರಿಯೋದಿಲ್ಲ, ಊದುಬತ್ತಿ ಥರ ನಿಧಾನಕ್ಕೆ ಕೆಂಡವಾಗಿ ಸವೆಯುತ್ತೆ. ಅದರ ತುದಿಯನ್ನು ಕಬ್ಬಿಣದ ಕೊಕ್ಕೆ ಹಿಡಿದಿರುತ್ತೆ. ಟ್ರಿಗರ್ ಎಳೆದ್ರೆ ಕೊಕ್ಕೆ ಬಾಗಿ, ನಳಿಗೆ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ಕೆಂಡ ಮುಟ್ಟಿಸುತ್ತೆ. ಭಗ್ ಅಂದ ಬೆಂಕಿ ಸಣ್ಣ ತೂತಿನಿಂದ ಒಳಗೆ ನುಗ್ಗಿ ಈಡು ಹಾರುತ್ತೆ. ಒಂದೆರಡು ಲಿವರ್, ಒಂದೆರಡು ಪಿವಟ್, ಅಷ್ಟೇ.

ತೊಂದರೆಗಳು ಇರ್ಲಿಲ್ಲ ಅಂತಲ್ಲ. ಮಳೆ ಬಂದ್ರೆ ಬತ್ತಿ ಆರುತ್ತೆ. ಕತ್ತಲಲ್ಲಿ ಕೆಂಡ ಶತ್ರುವಿಗೆ ಕಾಣುತ್ತೆ. ಸೊಂಟದಲ್ಲಿ ಮದ್ದು, ಕೈಯಲ್ಲಿ ಬೆಂಕಿ! ಚಕಮಕಿ ಕೋವಿ ಇದನ್ನೆಲ್ಲ ಬಹುಪಾಲು ಪರಿಹರಿಸಿತು, ನಿಜ. ಆದ್ರೆ ಅದಕ್ಕೆ ಗಟ್ಟಿ ಸ್ಪ್ರಿಂಗ್ ಬೇಕು, ಸರಿಯಾಗಿ ಹದ ಹಾಕಿದ ಉಕ್ಕು ಬೇಕು, ಕಿಡಿ ಕೊಡೋ ಒಳ್ಳೆ ಕಲ್ಲು ಬೇಕು, ಸವೆದಾಗ ಕಲ್ಲು ಬದಲಿಸ್ಬೇಕು. ಅದಕ್ಕೂ ಮುಂಚೆ ಬಂದ ಚಕ್ರದ ಕೋವಿಯಂತೂ ಇವತ್ತಿನ ಸಿಗರೇಟ್ ಲೈಟರ್ ತತ್ವದ್ದು. ಗಡಿಯಾರದಷ್ಟು ನಾಜೂಕು, ವಿಪರೀತ ದುಬಾರಿ. ಬತ್ತಿ ಕೋವಿಯ ಕೊಕ್ಕೆ ಮುರಿದ್ರೆ ಊರಿನ ಕಮ್ಮಾರನೇ ಬಡಿದು ಕೊಡಬಹುದು. ಹುರಿಗೆ ಹತ್ತಿ ನಮ್ಮ ಎರೆಹೊಲದಲ್ಲೇ ಬೆಳೆಯುತ್ತೆ.

ಹಾಗಂತ ಹಳೇದೇ ಶ್ರೇಷ್ಠ ಅಂತ ನಾವು ಹೇಳ್ತಿಲ್ಲ. ಟಿಪ್ಪು ಮೈಸೂರು ರಾಜ್ಯದಲ್ಲೇ ಚಕಮಕಿ ಕೋವಿ ಮಾಡಿಸಿದ. ಅಂದ್ರೆ ಬೇಕು ಅಂದಾಗ ಹೊಸದನ್ನು ಮಾಡೋ ಕೈಗಳೂ ಇಲ್ಲಿದ್ವು. ನಮ್ಮ ಮಾತು ಇಷ್ಟೇ: ಒಂದು ಯಂತ್ರ ತುಂಬಾ ಕಾಲ ಉಳಿದಿದೆ ಅಂದ್ರೆ ಬಳಸೋರು ದಡ್ಡರು ಅಂತ ತೀರ್ಮಾನಿಸೋ ಮುಂಚೆ, ಅದನ್ನು ರಿಪೇರಿ ಮಾಡೋರು ಯಾರು ಅಂತ ಕೇಳಬೇಕು.

ನಮ್ಮಲ್ಲೊಬ್ಬನ ಮನೇಲಿ ಬ್ಯಾಟರಿ ಸ್ಪ್ರೇಯರ್ ಅಟ್ಟ ಸೇರಿದೆ. ಬೋರ್ಡ್ ಸುಟ್ಟಿದೆ, ಊರಲ್ಲಿ ರಿಪೇರಿ ಮಾಡೋರಿಲ್ಲ. ಅವರಪ್ಪ ಈಗ ಮತ್ತೆ ಹಳೇ ಕೈಪಂಪೇ ಹೆಗಲಿಗೇರಿಸಿದ್ದಾರೆ. ಅವರನ್ನು ನೋಡಿ ನಾವು ನಗ್ತೀವಾ? ಇಲ್ಲ. ಆದ್ರೂ ಮಿನಿ ಪ್ರಾಜೆಕ್ಟ್ ಅಂದ ಕೂಡ್ಲೇ ಸೆನ್ಸರ್, ಆ್ಯಪ್ ಅಂತ ಓಡೋರು ನಾವೇ. ಈ ಸಲ ನಾವು ನಾಲ್ವರು ಊರಿನ ವೆಲ್ಡಿಂಗ್ ಅಂಗಡೀಲಿ ರಿಪೇರಿ ಆಗೋ ಸ್ಪ್ರೇಯರನ್ನೇ ಮಾಡ್ತೀವಿ. ನೀವೂ ನಿಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ "ಕೆಟ್ಟರೆ ಯಾರು ಸರಿಮಾಡ್ತಾರೆ?" ಅಂತ ಒಂದು ಸಾಲು ಸೇರಿಸಿ ನೋಡಿ.