ನೋವಿನ ನುಡಿಯನ್ನರಿತವರು ಬೇಕು



ಆಂಧ್ರಪ್ರದೇಶದಲ್ಲಿ 2005ರ ಆಗಸ್ಟ್ 15ರಂದು ಆರಂಭವಾದ 108 ಆಂಬುಲೆನ್ಸ್ ಸೇವೆಯನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಆದರೆ ಹಿಂದೂಪುರ, ಕಲ್ಯಾಣದುರ್ಗ ಸೀಮೆಗಳ ಕನ್ನಡದ ಮುದುಕಿ ‘ಎದೆ ಹಿಂಡುತ್ತಿದೆ, ಎಡಗೈ ಜೋಮು ಹಿಡಿದಿದೆ’ ಎಂದರೆ, ಬಳಿಯಿರುವ ಪ್ಯಾರಾಮೆಡಿಕ್‌ಗೆ ಅದು ತಿಳಿಯಬೇಡವೇ? ನಾಡಿಯನ್ನು ಯಂತ್ರ ಎಣಿಸೀತು. ನೋವು ಯಾವಾಗ ತೊಡಗಿತೆಂಬುದನ್ನು ರೋಗಿಯೇ ಹೇಳಬೇಕು.

‘ನಿಮಗೂ ತೆಲುಗು ಬರುತ್ತದಲ್ಲ’ ಎನ್ನುವವರುಂಟು. ಸಂತೆಗೆ ಸಾಲುವ ತೆಲುಗು ಸಂಕಟಕ್ಕೆ ಸಾಲದು.

2021ರ ಕೇಂದ್ರ ಶಾಸನವು ಇಂತಹ ವೃತ್ತಿಗಳಿಗೆ ಕನಿಷ್ಠ 2000 ಗಂಟೆಗಳ ಶಿಕ್ಷಣವನ್ನು ವಿಧಿಸಿದೆ. ಅದರಲ್ಲಿ ಕೆಲವನ್ನು ರೋಗಿಯ ನುಡಿಗೆ ಮೀಸಲಿಡಿರೆಂಬುದು ಅತ್ಯಾಶೆಯೇ?

ಆದುದರಿಂದ ಗಡಿಯ ವಾಹನಗಳಿಗೆ ಕನ್ನಡ ಬಲ್ಲವರನ್ನು ನೇಮಿಸಬೇಕೆಂದು ಪ್ರತಿ ಗ್ರಾಮಸಭೆಯಲ್ಲಿಯೂ ನಿರ್ಣಯಿಸೋಣ. ವಿಜ್ಞಾನವನ್ನೋದಿದ ನಮ್ಮ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ, ಈ ತರಬೇತಿಗೆ ಕಳುಹಿಸೋಣ.