ಭಾನುವಾರ ಯಾರ ಲೆಕ್ಕಕ್ಕೆ?

"ಕೈತುಂಬ ಸಂಬಳ ಬರ್ತಿದೆಯಲ್ಲಮ್ಮ, ಈಗ್ಯಾಕೆ ನಿಂಗೆ ಎಂಬಿಎ?" ಅಂತ ಕಳೆದ ವರ್ಷ ಎಷ್ಟು ಜನ ಕೇಳಿದರೋ ಲೆಕ್ಕವಿಲ್ಲ. ಚಿಕ್ಕಮ್ಮ ಕೇಳಿದರು, ಮಗಳ ಡೇ ಕೇರ್ ಆಂಟಿ ಕೇಳಿದರು, ಒಬ್ಬ ಕ್ಯಾಬ್ ಡ್ರೈವರ್ ಕೂಡ ಕೇಳಿದ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟೆ. ನಿಜವಾದ ಕಾರಣ ಇಷ್ಟೇ. ನಮ್ಮ ಟೀಮು ಆರು ತಿಂಗಳು ಕೂತು ಕಟ್ಟಿದ್ದ ಒಂದು ಸಾಫ್ಟ್‌ವೇರನ್ನು ಒಂದು ಗಂಟೆಯ ಮೀಟಿಂಗಿನಲ್ಲಿ ಕೈಬಿಟ್ಟರು. ಆ ಮೀಟಿಂಗಿಗೆ ನನ್ನನ್ನು ಕರೆದಿರಲಿಲ್ಲ. ಕರೆದಿದ್ದರೂ ಅಲ್ಲಿ ಆಡಿದ ಮಾರ್ಜಿನ್ನು, ಬ್ರೇಕ್ ಈವನ್ನು ನನಗೆ ಅರ್ಥವಾಗ್ತಿರಲಿಲ್ಲ. ಎಂಟು ವರ್ಷ ಕೋಡ್ ಬರೆದ ಮೇಲೆ, ಒಂದು ಸಲವಾದರೂ ಆ ಕೋಣೆಯೊಳಗೆ ಕೂತು ಮಾತಾಡಬೇಕು ಅನ್ನಿಸಿತು.

ಪೂರ್ಣಾವಧಿ ಎಂಬಿಎ ಅಂದರೆ ಕ್ಯಾಟ್ ಬರೀಬೇಕು ಅಥವಾ ನಮ್ಮ ರಾಜ್ಯದ ಪಿಜಿಸಿಇಟಿ ಬರೀಬೇಕು, ಆಮೇಲೆ ಎರಡು ವರ್ಷ ಸಂಬಳ ಮರೆಯಬೇಕು. ಮನೆ ಸಾಲ ಇರುವವರಿಗೆ ಅದು ಆಗದ ಮಾತು. ಹಾಗಾಗಿ ಕೆಲಸದಲ್ಲಿರುವವರಿಗೇ ಅಂತ ಇರುವ ಶನಿವಾರ ಭಾನುವಾರದ ಕೋರ್ಸಿಗೆ ಸೇರಿದೆ. ವರ್ಷಕ್ಕೆ 6 ಲಕ್ಷದಂತೆ ಎರಡು ವರ್ಷಕ್ಕೆ 12 ಲಕ್ಷ. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ನಗರದ ಆ ತುದಿಯಲ್ಲಿ ಇಳಿಯಬೇಕು. ಅಷ್ಟರಲ್ಲಿ ಒಂದು ಅಧ್ಯಾಯ ಓದಬಹುದು, ನಿದ್ದೆ ಬರದಿದ್ದರೆ.

ನಮ್ಮ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಇಂಜಿನಿಯರುಗಳೇ. ಮೊದಲ ತಿಂಗಳು ನಮ್ಮ ಪಾಡು ನೋಡಬೇಕಿತ್ತು. ಇಂಜಿನಿಯರಿಂಗ್ ಓದಿದವರಿಗೆ ಪ್ರಶ್ನೆ ಅಂದಮೇಲೆ ಒಂದು ಸರಿಯುತ್ತರ ಇರಲೇಬೇಕು. ಇಲ್ಲಿ ಇಪ್ಪತ್ತು ಪುಟದ ಒಂದು ಕೇಸ್ ಕೊಟ್ಟು, ಈ ಕಂಪನಿಯ ಮುಖ್ಯಸ್ಥೆ ನೀವಾಗಿದ್ರೆ ಏನು ಮಾಡ್ತಿದ್ರಿ ಅಂತ ಕೇಳ್ತಾರೆ. ಒಂದೂವರೆ ಗಂಟೆ ಜಗಳ ಆಡಿ ಕೊನೆಗೆ ಸರಿಯುತ್ತರ ಯಾವುದು ಸಾರ್ ಅಂದರೆ ನಗ್ತಾರೆ. ಹಾರ್ವರ್ಡ್‌ನಿಂದ ಬಂದ ಪದ್ಧತಿಯಂತೆ ಇದು. 1961ರಲ್ಲಿ ಅಹಮದಾಬಾದಿನ ಐಐಎಂ ಶುರುವಾದಾಗ ಹಾರ್ವರ್ಡಿನವರೇ ಕೈಜೋಡಿಸಿದ್ದರು, ಕೇಸ್ ಓದಿಸುವುದು ನಮ್ಮ ದೇಶದಲ್ಲಿ ಬೇರೂರಿದ್ದು ಹಾಗೆ.

ಫೈನಾನ್ಸ್ ಮಾತ್ರ ನನಗೆ ಇಷ್ಟವಾಯಿತು. ಅಲ್ಲಿ ಲೆಕ್ಕ ಇದೆಯಲ್ಲ! ಒಂದು ದಿನ ಮೇಷ್ಟ್ರು ಒಂದು ಅಸೈನ್‌ಮೆಂಟ್ ಕೊಟ್ಟರು: "ನಿಮ್ಮ ಎಂಬಿಎಯ ಎನ್‌ಪಿವಿ ನೀವೇ ಹಾಕ್ಕೊಂಡು ಬನ್ನಿ." ಎನ್‌ಪಿವಿ ಅಂದರೆ ಮುಂದೆ ಬರುವ ದುಡ್ಡನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ, ಅದರಿಂದ ಖರ್ಚು ಕಳೆಯುವುದು. ನೂರಕ್ಕೆ ಹತ್ತರ ಬಡ್ಡಿ ಇಟ್ಟುಕೊಂಡರೆ ಮುಂದಿನ ವರ್ಷದ 110 ರೂಪಾಯಿ ಇವತ್ತಿನ 100ಕ್ಕೆ ಸಮ. ನಾನು ಹಾಕಿದ ಲೆಕ್ಕ ಹೀಗೆ: ಇವತ್ತು 6 ಲಕ್ಷ ಫೀಸು, ಒಂದು ವರ್ಷ ಬಿಟ್ಟು ಇನ್ನೊಂದು 6 ಲಕ್ಷ. ಮೂರನೇ ವರ್ಷದ ಕೊನೆಯಿಂದ ಐದು ವರ್ಷ, ತೆರಿಗೆ ಕಳೆದು ವರ್ಷಕ್ಕೆ 3 ಲಕ್ಷ ಹೆಚ್ಚು ಸಂಬಳ. ಉತ್ತರ: 2 ಲಕ್ಷದ ಮೇಲೆ ಚಿಲ್ಲರೆ ನಷ್ಟ!

ಐದು ವರ್ಷದ ಬದಲು ಹತ್ತು ವರ್ಷ ಅಂತ ಬದಲಾಯಿಸಿದೆ. 3 ಲಕ್ಷದ 78 ಸಾವಿರ ಲಾಭ. ಅದೇ ಡಿಗ್ರಿ, ಅದೇ ನಾನು. ಅಂದಹಾಗೆ ವರ್ಷಕ್ಕೆ 3 ಲಕ್ಷ ಹೆಚ್ಚು ಸಿಗುತ್ತದೆ ಅಂತ ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ನಾನೇ ಟೈಪ್ ಮಾಡಿದ್ದು.

ಈ ನಡುವೆ ಮನೆಯಲ್ಲಿ ಮೂರೂವರೆ ವರ್ಷದ ಮಗಳು ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ "ಇವತ್ತು ಶನಿವಾರಾನಾ?" ಅಂತ ಕೇಳೋದು ಶುರುವಾಗಿತ್ತು. ಹೌದು ಅಂದರೆ ಅಳು. ಮಾರ್ಚ್ ಹೊತ್ತಿಗೆ ನಾನು ಸೋತುಹೋಗಿದ್ದೆ. ಆಫೀಸಿನಲ್ಲಿ ರಿಲೀಸು, ರಾತ್ರಿ ಕೇಸು, ಎರಡನೇ ವರ್ಷದ ಫೀಸು ಮೇ ತಿಂಗಳೊಳಗೆ ಕಟ್ಟಬೇಕು. ಬಿಟ್ಟುಬಿಡೋಣ ಅಂದೆ.

"ಆರು ಲಕ್ಷ ಕಟ್ಟಿ ಬಿಡೋದೇನೇ?" ಅಂದ ಗಂಡ.

ಅದು ಸಂಕ್ ಕಾಸ್ಟು, ಆಗಲೇ ಮುಳುಗಿದ ದುಡ್ಡು, ಬಿಟ್ಟರೂ ಮುಂದುವರಿಸಿದರೂ ವಾಪಸ್ ಬರಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡೀಬಾರದು ಅಂತ ಕ್ಲಾಸಿನಲ್ಲಿ ಕಲಿತಿದ್ದನ್ನು ಒಪ್ಪಿಸಿದೆ. ಪಕ್ಕದಲ್ಲಿ ಸೊಪ್ಪು ಬಿಡಿಸ್ತಿದ್ದ ಅತ್ತೆ ತಲೆಯೆತ್ತಿದರು. "ಹಳಸಿದ ಹುಳಿಗೆ ಮತ್ತೆ ಒಗ್ಗರಣೆ ಹಾಕಬಾರದು ಅಂತ ತಾನೇ? ಇದನ್ನ ಹೇಳ್ಕೊಡೋಕೆ ಆರು ಲಕ್ಷಾನಾ?"

ಆದರೂ ರಾತ್ರಿ ಕೂತು, ಮುಳುಗಿದ್ದನ್ನು ಬಿಟ್ಟು, ಇವತ್ತಿನಿಂದ ಮುಂದಕ್ಕೆ ಲೆಕ್ಕ ಹಾಕಿದೆ. ಇನ್ನು ಹಾಕಬೇಕಾದ್ದು 6 ಲಕ್ಷ, ಬರಬೇಕಾದ್ದು ಅದೇ ಐದು ವರ್ಷದ ಹೆಚ್ಚುವರಿ ಸಂಬಳ. ಈಗ 4 ಲಕ್ಷದ 34 ಸಾವಿರ ಲಾಭ ತೋರಿಸಿತು! ಶುರು ಮಾಡೋದು ನಷ್ಟವಾಗಿತ್ತು, ಮುಗಿಸೋದು ಲಾಭ. ಗಂಡನ ತೀರ್ಮಾನ ಸರಿ, ಕಾರಣ ತಪ್ಪು. ಇದನ್ನು ಅವನಿಗೆ ಹೇಳಿ ಖುಷಿಪಟ್ಟೆ.

ಅದಾದ ವಾರದಲ್ಲೇ ಹೂವಿನ ಅಂಗಡಿ ಹತ್ತಿರ ಹಿಂದಿನ ಬೀದಿಯ ಆಂಟಿ ಸಿಕ್ಕರು. "ರಾಮನವಮಿಗಾದ್ರೂ ನಿಮ್ಮತ್ತೆ ಹಾಡೋಕೆ ಬರ್ತಾರಾ? ಜೂನ್‌ನಿಂದ ಒಂದು ಭಾನುವಾರಾನೂ ಪ್ರಾಕ್ಟೀಸಿಗೆ ಬಂದಿಲ್ಲ. ಗಂಟಲು ಸರಿಯಿಲ್ಲ ಅಂದಿದ್ರು, ಈಗ ಹೇಗಿದೆ?"

ಅತ್ತೆಯ ಗಂಟಲಿಗೆ ಏನೂ ಆಗಿರಲಿಲ್ಲ. ಭಾನುವಾರ ಬೆಳಗ್ಗೆ ಹತ್ತಕ್ಕೆ ಭಜನಾ ಮಂಡಳಿ. ಆ ಹೊತ್ತಿನಲ್ಲಿ ನಾನು ಕ್ಲಾಸಿನಲ್ಲಿ, ಮಗು ಅವರ ಕೈಯಲ್ಲಿ. ಹೂವು ತಗೊಳ್ಳೋದನ್ನೂ ಮರೆತು ಮನೆಗೆ ಬಂದೆ.

ಅವಕಾಶ ವೆಚ್ಚ ಅಂತ ಒಂದು ಇಡೀ ಕ್ಲಾಸು ಕೇಳಿದ್ದೇನೆ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ ಅದು. ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಬಂದಿತ್ತು. ನನ್ನ ಎಕ್ಸೆಲ್ ಶೀಟಿನಲ್ಲಿ ಮೆಟ್ರೊ ಕಾರ್ಡಿನ ರೀಚಾರ್ಜಿಗೂ ಒಂದು ಸಾಲಿತ್ತು, ಈ ನಲವತ್ತು ಭಾನುವಾರಕ್ಕೆ ಇರಲಿಲ್ಲ. ಇದಕ್ಕೆ ದುಡ್ಡು ಕೊಟ್ಟಿಲ್ಲವಲ್ಲ, ಅದಕ್ಕೇ ಕಾಣಲಿಲ್ಲ.

"ಯಾಕೆ ಹೇಳ್ಲಿಲ್ಲ ಅತ್ತೆ ನೀವು?"

"ಹೇಳಿದ್ರೆ ನೀನು ಓದು ಬಿಡ್ತಿದ್ದೆ. ಮಗು ನೋಡ್ಕೊಳ್ಳೋರು ಯಾರಮ್ಮ ಮತ್ತೆ?"

ಇಬ್ಬರೂ ಒಂದು ಕ್ಷಣ ಸುಮ್ಮನಿದ್ದೆವು. ಆಗ ನಮ್ಮಿಬ್ಬರ ಕಣ್ಣೂ ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಕ್ರಿಕೆಟ್ ಬ್ಯಾಟಿನ ಮೇಲೆ ಬಿತ್ತು. ಭಾನುವಾರ ಏಳರಿಂದ ಹನ್ನೊಂದರವರೆಗೆ ಗಂಡ ಗ್ರೌಂಡಿನಲ್ಲಿರುತ್ತಾನೆ, ಮದುವೆಗೆ ಮೊದಲಿಂದಲೂ. ಅದನ್ನು ಮುಟ್ಟಬಹುದು ಅಂತ ಅತ್ತೆಗೂ ಹೊಳೆದಿಲ್ಲ, ಇಷ್ಟು ಓದಿದ ನನಗೂ ಹೊಳೆದಿಲ್ಲ, ಅವನಿಗಂತೂ ಇಲ್ಲವೇ ಇಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಹೊರಟವಳು ಅರ್ಧ ದಾರಿಯಲ್ಲಿ ನಿಂತೆ. ನಾನು ಕೇಳಿಯೇ ಇರಲಿಲ್ಲವಲ್ಲ. ಕೇಳಿದ್ದಕ್ಕೆ ಅವನು ಸ್ವಲ್ಪ ಮುಖ ಸಪ್ಪೆ ಮಾಡಿದ, ಫೈನಲ್ ಮ್ಯಾಚಿಗೆ ಮಾತ್ರ ಬಿಡಿ ಅಂದ. ಅತ್ತೆ, "ನೋಡೋಣ ಕಣೋ" ಅಂದರು. ಅವರು ಹಾಗಂದರೆ ಇಲ್ಲ ಅಂತಲೇ ಅರ್ಥ.

ಎರಡನೇ ವರ್ಷದ ಫೀಸು ಕಟ್ಟಿದ್ದೇನೆ, ಅರ್ಧ ಸಾಲ ಮಾಡಿ. ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇರೋದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅಸಲಿಗೆ ಅಲ್ಲೂ ಇಲ್ಲ. ಸಾಲ ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಿ, ನಾನು ನೋಡಿಕೊಂಡಿರಲಿಲ್ಲ.

ಹೋದ ಭಾನುವಾರ ಅತ್ತೆ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ತಾಳ ಚೀಲಕ್ಕೆ ಹಾಕಿಕೊಂಡು ನನ್ನ ಜತೆಗೇ ಮನೆಯಿಂದ ಹೊರಟರು. ಮೊದಲ ಕ್ಲಾಸು ಅರ್ಧ ಆಗಿತ್ತು, ಫೋನು ಗುಂಯ್ ಅಂದಿತು. ಗಂಡನ ಮೆಸೇಜು: "ಅರ್ಜೆಂಟ್. ಎರಡು ಜಡೆ ಹಾಕು ಅಂತಿದ್ದಾಳೆ. ರಬ್ಬರ್ ಬ್ಯಾಂಡ್ ಎಲ್ಲಿಟ್ಟಿದ್ದೀಯ?"