ಹಿತ್ತಲಲ್ಲೊಂದು ಕಾಲುದಾರಿ

ಪುಟಾಣಿಗಳೇ, ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನೀವೆಲ್ಲ ಕೇಳಿರುತ್ತೀರಿ. ಕೈಗೆಟುಕುವಷ್ಟು ಹತ್ತಿರವಿರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂದು ಅದರ ಅರ್ಥ. ಮಳೆ ಬಿದ್ದೊಡನೆ ಹಿತ್ತಲಲ್ಲಿ ತಾನಾಗಿ ಏಳುವ ಗಿಡಗಳನ್ನೆಲ್ಲ ‘ಕಳೆ’ ಎಂದು ಕಿತ್ತು ಎಸೆಯುತ್ತೇವೆ. ಶಿವನ ಪೂಜೆಗೆ ತುಂಬೆ ಹೂ ಬೇಕೆಂದಾಗ ಅದನ್ನೇ ಹುಡುಕಿಕೊಂಡು ಪೇಟೆಗೆ ಹೋಗುತ್ತೇವೆ! ಈ ವಾರ ಅಜ್ಜ-ಅಜ್ಜಿಯರ ಜೊತೆ ಸೇರಿ ಹಿತ್ತಲ ಒಂದು ಮೂಲೆಯನ್ನು ಕಾಡುಹೂಗಳಿಗೆ ಬಿಟ್ಟುಕೊಡೋಣ. ನಡುವೆ ಒಂದು ಕಾಲುದಾರಿಯನ್ನೂ ಮಾಡೋಣ.

ಅರ್ಧ ದಿನವಾದರೂ ಬಿಸಿಲು ಬೀಳುವ ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ ಸಾಕು. ಮೊದಲು ದಾರಿ. ಹಗ್ಗವನ್ನು ನೆಲದ ಮೇಲೆ ಹಾಸಿ ದಾರಿ ಎಲ್ಲಿ ತಿರುಗಬೇಕೆಂದು ಗುರುತಿಸಿ. ಅಗಲ ಎರಡೂವರೆ ಅಡಿ ಇರಲಿ. ಅಜ್ಜಿ ಮೊಮ್ಮಗಳ ಕೈಹಿಡಿದು ನಡೆಯಲು ಅಷ್ಟು ಬೇಕು. ಕಲ್ಲಿಗಾಗಿ ದೂರ ಹೋಗಬೇಡಿ. ಕರಾವಳಿಯಲ್ಲಿ ಮುರಕಲ್ಲು, ಬಯಲುಸೀಮೆಯಲ್ಲಿ ಚಪ್ಪಡಿ ಕಲ್ಲು, ಕಲಬುರಗಿ ಕಡೆ ಶಹಾಬಾದ್ ಕಲ್ಲು, ಹೀಗೆ ನಿಮ್ಮೂರಲ್ಲಿ ಸಿಗುವುದೇ ಒಳ್ಳೆಯದು.

ಈಗ ಒಂದು ಸುಲಭ ಲೆಕ್ಕ. ಕಲ್ಲಿನ ದಪ್ಪ ಅಳೆಯಿರಿ, ಅದಕ್ಕೆ 2 ಅಂಗುಲ ಕೂಡಿಸಿ. ಅಷ್ಟೇ ಆಳ ಅಗೆಯಬೇಕು. ತಳವನ್ನು ಗುದ್ದಿ ಗಟ್ಟಿ ಮಾಡಿ, 2 ಅಂಗುಲ ದಪ್ಪ ಮರಳು ಹರಡಿ, ಮೇಲೆ ಕಲ್ಲು ಕೂರಿಸಿ. ಕಲ್ಲು ನೆಲದ ಮಟ್ಟಕ್ಕೇ ಬರುತ್ತದೆ, ಅಜ್ಜನ ಕಾಲು ಎಡವುವುದಿಲ್ಲ. ಪ್ರತಿ ಕಲ್ಲಿನ ಮೇಲೂ ನಿಂತು ನೋಡಿ. ಅಲುಗಿದರೆ ಎತ್ತಿ, ಅಡಿಗೆ ಮರಳು ಹಾಕಿ. ಹೂಗಳ ಕಡೆಗೆ ಒಂಚೂರು ಇಳಿಜಾರಿದ್ದರೆ ಮಳೆನೀರು ದಾರಿಯಲ್ಲಿ ನಿಲ್ಲದು. ಸಂದುಗಳಿಗೂ ಮರಳು ತುಂಬಿ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಗಟ್ಟಿ ಪೊರಕೆಯಿಂದ ಉಜ್ಜಿ ತೆಗೆಯಿರಿ.

ದಾರಿಯಾಯಿತು, ಇನ್ನು ಹೂ. ಇದಕ್ಕೆ ಗೊಬ್ಬರ ಬೇಡ! ಗೊಬ್ಬರ ಹಾಕಿದರೆ ಹುಲ್ಲು ಕೊಬ್ಬಿ ಸಣ್ಣ ಗಿಡಗಳನ್ನು ಮುಚ್ಚಿಬಿಡುತ್ತದೆ. ಮೊದಲ ಮಳೆಯ ನಂತರ ಏನೇನು ಹುಟ್ಟುತ್ತದೆಂದು ಕಾದು ನೋಡಿ. ಬಿಳಿ ತುಂಬೆ, ನೆಲಕ್ಕೆ ಹಬ್ಬಿ ನೀಲಿ ಹೂ ಬಿಡುವ ವಿಷ್ಣುಕ್ರಾಂತಿ, ಒಣಗಿದ ಕಾಯಿ ಗಿಲಕಿಯಂತೆ ಸದ್ದು ಮಾಡುವ ಗಿಜಿಗಿಜಿ ಗಿಡ, ಬಲಿತ ಕಾಯಿಯನ್ನು ಮುಟ್ಟಿದೊಡನೆ ಸಿಡಿಯುವ ಕರ್ಣಕುಂಡಲ ಬರಬಹುದು. ತುಂಬೆಗೆ ಜೇನುನೊಣ, ಚಿಟ್ಟೆಗಳು ಬಂದೇ ಬರುತ್ತವೆ. ಬೇಲಿಯಂಚಿನಲ್ಲಿ ಎಕ್ಕದ ಗಿಡವಿದ್ದರೆ ಎಲೆಯ ಅಡಿಯಲ್ಲಿ ಹುಡುಕಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಸಿಕ್ಕಿದರೆ ಕೊಲ್ಲಬೇಡಿ, ಅದೇ ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಎಕ್ಕದ ಹಾಲು ಮಾತ್ರ ಕಣ್ಣಿಗೆ ತಾಗಬಾರದು.

ಎಲ್ಲ ಗಿಡವನ್ನೂ ಉಳಿಸಬೇಕೆಂದಿಲ್ಲ. ಅಮೆರಿಕ ಖಂಡದಿಂದ ಬಂದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಬೇರೆ ಗಿಡಗಳನ್ನು ಬೆಳೆಯಗೊಡುವುದಿಲ್ಲ. ಕೆಲವರಿಗೆ ತುರಿಕೆ, ಉಬ್ಬಸವನ್ನೂ ತರುತ್ತದೆ. ದೊಡ್ಡವರು ಕೈಗೆ ಚೀಲ ಕಟ್ಟಿಕೊಂಡು, ಹೂ ಬಿಡುವ ಮೊದಲೇ ಬೇರುಸಹಿತ ಕೀಳಲಿ. ದಾರಿಯ ಎರಡೂ ಬದಿಗೆ ಒಂದಡಿ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿಡಿ. ಹಾವು, ಚೇಳು ಇದ್ದರೆ ದೂರದಿಂದಲೇ ಕಾಣುತ್ತವೆ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೋಗಬೇಡಿ, ಪೊದೆಯೊಳಗೆ ಕೈ ಹಾಕಲೇಬೇಡಿ.

ಕಾಯಿ ಒಣಗಿ ಬೀಜ ಉದುರುವವರೆಗೂ ಕುಡುಗೋಲು ತಾಗಿಸಬೇಡಿ. ತುಂಬೆಯಂಥ ಗಿಡಗಳ ಆಯಸ್ಸು ಒಂದೇ ವರ್ಷ. ಬೀಜ ಬೀಳುವ ಮೊದಲೇ ಕೊಯ್ದರೆ ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಸ್ವಲ್ಪ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟು ಗೆಳೆಯರಿಗೂ ಕೊಡಿ.

ಅಜ್ಜ-ಅಜ್ಜಿಯರೇ, ನಿಮ್ಮಲ್ಲೊಂದು ಮಾತು. ಮೇಲೆ ಬರೆದ ಗಿಡಗಳಿಗೆ ನಿಮ್ಮೂರಲ್ಲಿ ಬೇರೆಯೇ ಹೆಸರಿರಬಹುದು. ಒಂದೇ ಗಿಡಕ್ಕೆ ಹತ್ತು ಊರಲ್ಲಿ ಹತ್ತು ಹೆಸರು. ಆ ಹೆಸರುಗಳು ಪಠ್ಯಪುಸ್ತಕದಲ್ಲಿಲ್ಲ, ನಿಮ್ಮ ಬಾಯಲ್ಲಿವೆ. ಗಿಡ ಕಣ್ಣಮುಂದೆ ಇಲ್ಲದಿದ್ದರೆ ಅದರ ಹೆಸರು ಹೇಳುವ ಸಂದರ್ಭವೇ ಬರುವುದಿಲ್ಲ. ಸಂಜೆ ಮೊಮ್ಮಕ್ಕಳೊಂದಿಗೆ ಆ ದಾರಿಯಲ್ಲಿ ನಿಧಾನವಾಗಿ ನಡೆಯಿರಿ, ಕೋಲಿನಿಂದ ತೋರಿಸಿ ಹೆಸರು ಹೇಳಿ.

ಮಕ್ಕಳೇ, ಈ ವಾರದ ಕೆಲಸ: ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೊಂದು ಗಿಡದ ಚಿತ್ರ ಬರೆಯಿರಿ. ಅಜ್ಜಿ ಹೇಳಿದ ಹೆಸರು, ಹೂವಿನ ಬಣ್ಣ, ಅದರ ಮೇಲೆ ಕಂಡ ಹುಳು ಇಷ್ಟನ್ನು ಬರೆದಿಡಿ. ವಾರದ ಕೊನೆಗೆ ಏಳು ಗಿಡಗಳು ನಿಮ್ಮ ಪರಿಚಯದವರಾಗಿರುತ್ತಾರೆ. ಆಮೇಲೆ ಅವರನ್ನು ‘ಕಳೆ’ ಎಂದು ಕರೆಯಲು ನಿಮಗೆ ಮನಸ್ಸೇ ಬರದು!